ಕಾದಂಬರಿಕಾರ ಗಳಗನಾಥರು

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ನಾವು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡಿ, ಶಾಲೆಯಲ್ಲಿ ಕನ್ನಡವನ್ನೋದಿ, ಬೀದಿಗಿಳಿದೊಡನೆ ಮರಾಠಿಯಲ್ಲಿ ವ್ಯವಹರಿಸುವವರು. ಹೀಗೆ ಎರಡು ಮೂರು ಭಾಷೆಗಳ ನಡುವೆ ಬೆಳೆಯುವುದರಿಂದ ಯಾವುದೊಂದೂ ಗಟ್ಟಿಯಾಗಿ ದಕ್ಕದೆಂದು ಹಿರಿಯರು ಕಳವಳಪಡುವುದುಂಟು. ಆದರೆ ನೆರೆಯ ಭಾಷೆಯ ಅರಿವನ್ನೇ ಬಂಡವಾಳವಾಗಿ ಮಾಡಿಕೊಂಡು ತಾಯ್ನುಡಿಯ ಸಿರಿಯನ್ನು ಹೆಚ್ಚಿಸಿದ ಮಹನೀಯರೊಬ್ಬರು ನಮ್ಮಲ್ಲಿ ಆಗಿಹೋಗಿದ್ದಾರೆ. ಅವರೇ ಗಳಗನಾಥರು. ಅವರ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿಮಿತ್ರರು ಅವಶ್ಯವಾಗಿ ತಿಳಿಯಬೇಕು.

ಅವರ ನಿಜನಾಮ ವೆಂಕಟೇಶ ತಿರಕೋ ಕುಲಕರ್ಣಿ. ೧೮೬೯ರಲ್ಲಿ ಅವರು ಜನಿಸಿದ್ದು ಇಂದಿನ ಹಾವೇರಿ ಜಿಲ್ಲೆಯ ಗಳಗನಾಥವೆಂಬ ಗ್ರಾಮದಲ್ಲಿ. ತುಂಗಭದ್ರೆಯ ದಡದ ಈ ಊರು ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯದಿಂದ ಪ್ರಸಿದ್ಧವಾಗಿದೆ. ಊರ ಹೆಸರೇ ಅವರ ಕಾವ್ಯನಾಮವಾಯಿತು. ಧಾರವಾಡದಲ್ಲಿ ಶಿಕ್ಷಣ ಪಡೆದು ಅವರು ಕನ್ನಡ ಶಾಲೆಯ ಶಿಕ್ಷಕರಾದರು.

ಅಂದಿನ ಧಾರವಾಡ ಸೀಮೆಯು ನಮ್ಮ ಠಾಣೆ ಜಿಲ್ಲೆಯಂತೆಯೇ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಛೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಮರಾಠಿಯ ಪ್ರಾಬಲ್ಯವಿದ್ದ ಕಾಲವೊಂದಿತ್ತು. ಡೆಪ್ಯುಟಿ ಚನ್ನಬಸಪ್ಪನವರಂತಹ ಹಿರಿಯರ ಶ್ರಮದಿಂದ ಕನ್ನಡ ಶಾಲೆಗಳು ನೆಲೆಯೂರಿದವು. ೧೮೯೦ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವೂ ಹುಟ್ಟಿತು. ಶಾಲೆಗಳಾದವು, ಸಂಘವಾಯಿತು, ಆದರೆ ಅಕ್ಷರ ಕಲಿತವನು ಮನೆಯಲ್ಲಿ ಕುಳಿತು ಸಂತೋಷದಿಂದ ಓದಬಹುದಾದ ಕಥಾಗ್ರಂಥಗಳು ಕನ್ನಡದಲ್ಲಿ ವಿರಳವಾಗಿದ್ದವು. ಕಥೆಯ ರುಚಿ ಹತ್ತಿದವರು ಮರಾಠಿ ಪುಸ್ತಕಗಳನ್ನೇ ಹಿಡಿಯುತ್ತಿದ್ದರು. ಈ ಕೊರತೆಯನ್ನು ನೀಗುವುದೇ ಗಳಗನಾಥರ ಜೀವನವ್ರತವಾಯಿತು. ಅವರ ಮೊದಲ ಕಾದಂಬರಿ ‘ಪ್ರಬುದ್ಧ ಪದ್ಮನಯನೆ’ಯು ೧೮೯೮ರಲ್ಲಿ ಹೊರಬಂದಿತು.

ಪುಣೆಯಲ್ಲಿ ಆಗ ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳಿಗೆ ಬಹು ಬೇಡಿಕೆ. ಗಳಗನಾಥರು ಆಪಟೆಯವರನ್ನು ಗುರುವಿನಂತೆ ಭಾವಿಸಿ ಅವರ ಕೃತಿಗಳನ್ನು ಕನ್ನಡಕ್ಕೆ ತಂದರು. ೧೬೭೦ರ ಸಿಂಹಗಡದ ಸಾಹಸವನ್ನೂ ತಾನಾಜಿಯ ಬಲಿದಾನವನ್ನೂ ಹೇಳುವ ಕಾದಂಬರಿಯು ‘ಕಮಲಕುಮಾರಿ’ಯಾಯಿತು. ವಿಜಯನಗರದ ಪತನವನ್ನು ವರ್ಣಿಸುವ ‘ವಜ್ರಾಘಾತ’ವು ‘ಕನ್ನಡಿಗರ ಕರ್ಮಕಥೆ’ಯಾಯಿತು. ಈ ಎರಡನೆಯ ಹೆಸರನ್ನು ಗಮನಿಸಿರಿ. ಮೂಲದ ಹೆಸರು ಬಂದೆರಗಿದ ಪೆಟ್ಟನ್ನು ಸೂಚಿಸುತ್ತದೆ. ಕನ್ನಡದ ಹೆಸರಾದರೋ ಆ ಪೆಟ್ಟು ಯಾರಿಗೆ ಬಿದ್ದಿತೆಂಬುದನ್ನು ಹೇಳಿ, ಓದುಗನನ್ನೇ ಕಥೆಯೊಳಗೆ ಎಳೆದುಕೊಳ್ಳುತ್ತದೆ. ಅನುವಾದವೆಂದರೆ ಶಬ್ದಕ್ಕೆ ಶಬ್ದವನ್ನು ಜೋಡಿಸುವುದಲ್ಲ, ಕಥೆಯನ್ನು ತನ್ನ ಜನರದ್ದಾಗಿ ಮಾಡುವುದು ಎಂಬ ಮರ್ಮವು ಈ ಒಂದು ಹೆಸರಿನಲ್ಲಿಯೇ ಅಡಗಿದೆ. ಕಥಾಗ್ರಂಥಕ್ಕೆ ಕಾದಂಬರಿಯೆಂದು ಹೆಸರಿಡುವ ರೂಢಿಯಲ್ಲಿಯೂ ಕನ್ನಡ ಮರಾಠಿಗಳು ಒಂದೇ ದಾರಿಯಲ್ಲಿ ನಡೆದಿವೆ. ಬಾಣಕವಿಯ ಸಂಸ್ಕೃತ ಗದ್ಯಕಾವ್ಯದ ಹೆಸರೇ ಎರಡೂ ಭಾಷೆಗಳಲ್ಲಿ ಒಂದು ಸಾಹಿತ್ಯಪ್ರಕಾರದ ಹೆಸರಾಗಿದೆ.

೧೯೦೭ರಲ್ಲಿ ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ಯೆಂಬ ಮಾಸಪತ್ರಿಕೆಯು ಹೊರಟಿತು. ಅದರ ಬೆಳವಣಿಗೆಗಾಗಿ ಗಳಗನಾಥರು ಹಗಲಿರುಳು ದುಡಿದರು. ಶಿಕ್ಷಕವೃತ್ತಿಯ ನಿಶ್ಚಿತ ಸಂಬಳವನ್ನೂ ತೊರೆದರು. ತಿಂಗಳಿಗೊಮ್ಮೆ ಬರುವ ಪತ್ರಿಕೆಗೆ ಕಥೆ ಬರೆಯುವವನಿಗೆ ಒಂದು ಕಟ್ಟುಪಾಡಿದೆ. ಮುಂದಿನ ಸಂಚಿಕೆಗಾಗಿ ಓದುಗನು ಕಾಯುವಂತೆ ಪ್ರಕರಣವನ್ನು ಮುಗಿಸಬೇಕು; ತಿಂಗಳು ಕಳೆದ ಮೇಲೂ ಪಾತ್ರಗಳು ಅವನ ನೆನಪಿನಲ್ಲಿ ಉಳಿಯುವಂತೆ ಚಿತ್ರಿಸಬೇಕು. ಯುದ್ಧ, ಒಳಸಂಚು, ಸ್ವಾಮಿಭಕ್ತಿ, ಪತನ ಇವುಗಳಿಂದ ತುಂಬಿದ ಐತಿಹಾಸಿಕ ವಸ್ತುವು ಇದಕ್ಕೆ ತಕ್ಕುದಾಗಿತ್ತು.

ಬರೆದರಷ್ಟೇ ಸಾಲದು, ಪುಸ್ತಕವು ಓದುಗನ ಕೈಸೇರಬೇಕಲ್ಲವೆ? ಊರೂರಿಗೆ ಪುಸ್ತಕದಂಗಡಿಗಳಿಲ್ಲದ ಕಾಲವದು. ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ತಲೆಯ ಮೇಲೆ ಹೊತ್ತು, ಹಳ್ಳಿಯಿಂದ ಹಳ್ಳಿಗೆ ನಡೆದು, ಮನೆಮನೆಯ ಬಾಗಿಲಲ್ಲಿ ನಿಂತು ಮಾರಿದರು. ಅಂದು ಗ್ರಂಥಕರ್ತನೊಬ್ಬನು ಹೊರೆಯಾಳಿನಂತೆ ತಿರುಗುವುದು ಸಾಮಾನ್ಯ ಸಂಗತಿಯಾಗಿರಲಿಲ್ಲ. ಓದುವ ಅಭ್ಯಾಸವಿಲ್ಲದ ಮನೆಯೊಳಗೂ ಕನ್ನಡ ಪುಸ್ತಕವು ಹೀಗೆ ಕಾಲಿಟ್ಟಿತು.

ಅನುವಾದದಲ್ಲಿ ಪಳಗಿದ ಲೇಖನಿಯು ಸ್ವತಂತ್ರ ರಚನೆಗೂ ಸಮರ್ಥವಾಯಿತು. ೧೯೨೩ರಲ್ಲಿ ಪ್ರಕಟವಾದ ‘ಮಾಧವ ಕರುಣಾವಿಲಾಸ’ವು ವಿದ್ಯಾರಣ್ಯರನ್ನೂ ವಿಜಯನಗರದ ಸ್ಥಾಪನೆಯನ್ನೂ ಕುರಿತ ಹಿರಿಯ ಕಾದಂಬರಿ. ಸಾಮ್ರಾಜ್ಯದ ಪತನದ ಕಥೆಯನ್ನು ನೆರೆಯ ಭಾಷೆಯಿಂದ ತಂದ ಲೇಖಕರು ಅದರ ಉದಯದ ಕಥೆಯನ್ನು ತಾವೇ ಕಟ್ಟಿಕೊಟ್ಟರು. ಆ ಕಾಲದಲ್ಲಿ ಕನ್ನಡನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿತ್ತು. ಅಂತಹ ಜನರಿಗೆ ತಮ್ಮ ಪೂರ್ವಜರು ನಾಡೊಂದನ್ನು ಕಟ್ಟಿದ ಕಥೆಯು ಎಷ್ಟು ಧೈರ್ಯವನ್ನಿತ್ತಿರಬೇಕೆಂಬುದನ್ನು ನಾವು ಊಹಿಸಬಹುದು.

ಗಳಗನಾಥರ ಬರವಣಿಗೆಯಲ್ಲಿ ದೋಷಗಳಿಲ್ಲವೆಂದಲ್ಲ. ವರ್ಣನೆಗಳು ದೀರ್ಘವಾಗುತ್ತವೆ; ಕಥೆಯ ನಡುವೆ ಲೇಖಕರು ನಿಂತು ನೀತಿಬೋಧೆಗೆ ತೊಡಗುತ್ತಾರೆ. ಇಂದಿನ ಓದುಗನಿಗೆ ಇದು ಬೇಸರವೆನಿಸೀತು. ಆದರೆ ಕಾದಂಬರಿ ಓದುವುದೆಂದರೆ ಕಾಲಹರಣವೆಂದು ಭಾವಿಸಿದ್ದ ಮನೆಗಳಲ್ಲಿ, ಆ ಬೋಧೆಯೇ ಪುಸ್ತಕಕ್ಕೆ ಬಾಗಿಲು ತೆರೆಯಿಸಿದ್ದರೆ ಆಶ್ಚರ್ಯವಿಲ್ಲ.

ಇಪ್ಪತ್ತಕ್ಕೂ ಮಿಕ್ಕಿ ಕಾದಂಬರಿಗಳನ್ನು ರಚಿಸಿದ ಈ ಮಹನೀಯರಿಗೆ ಅವುಗಳಿಂದ ಸಂಪತ್ತೇನೂ ಕೂಡಿಬರಲಿಲ್ಲ. ಬಡತನದಲ್ಲಿಯೇ ಬಾಳಿ ೧೯೪೨ರಲ್ಲಿ ಅವರು ಕಾಲವಾದರು. ಕನ್ನಡಿಗರು ಅವರನ್ನು ಕಾದಂಬರಿ ಪಿತಾಮಹರೆಂದು ಗೌರವಿಸುತ್ತಾರೆ.

ಶಿವಾಜಿ ಮಹಾರಾಜರು ೧೬೫೭ರಲ್ಲಿ ಗೆದ್ದ ಕಲ್ಯಾಣವೂ, ಅಲ್ಲಿಯ ಖಾಡಿಯ ದಡದಲ್ಲಿರುವ ದುರ್ಗಾಡಿ ಕೋಟೆಯೂ ನಮಗೆ ಸಮೀಪದವು. ಆ ವೀರಯುಗದ ಕಥೆಗಳನ್ನು ನಾವು ನೆರೆಹೊರೆಯ ಮಿತ್ರರಿಂದ ಮರಾಠಿಯಲ್ಲಿ ಕೇಳಿ ಬೆಳೆಯುತ್ತೇವೆ. ಕೇಳಿದ್ದನ್ನು ಒಮ್ಮೆ ನಮ್ಮ ಕನ್ನಡದಲ್ಲಿ ಬರೆದುನೋಡೋಣ. ಮೂಲದ ಯಾವ ಮಾತು ನಮ್ಮ ನುಡಿಗೆ ಒಗ್ಗುತ್ತದೆ, ಯಾವುದು ಒಗ್ಗದು, ಒಗ್ಗದ ಕಡೆ ನಮ್ಮದೇ ಆದ ಯಾವ ಮಾತನ್ನು ಹುಡುಕಬೇಕು ಎಂಬುದು ಆಗ ತಾನಾಗಿ ತಿಳಿಯುತ್ತದೆ. ಗಳಗನಾಥರು ಕಾದಂಬರಿಯ ಕಲೆಯನ್ನು ಕಲಿತದ್ದು ಈ ಬಗೆಯ ದುಡಿಮೆಯಿಂದಲೇ. ಅವರಿಗಿದ್ದ ಎರಡು ಭಾಷೆಗಳ ಭಾಗ್ಯವು ನಮಗೂ ದೊರೆತಿದೆ. ಅದನ್ನು ವ್ಯರ್ಥಗೊಳಿಸದಿರುವುದು ನಮ್ಮ ಕೈಯಲ್ಲಿದೆ.