ಬೇಬ್ ರೂತನ ಗುರುಭಾಗ್ಯ

ಕ್ರಿಕೆಟ್ಟಿನ ಮೋಹದಲ್ಲಿ ಮುಳುಗಿರುವ ನಮ್ಮ ನಾಡಿನಲ್ಲಿ ಬೇಸ್‌ಬಾಲ್ ಆಟವನ್ನು ಬಲ್ಲವರು ಕಡಮೆ. ಆದರೂ ಬೇಬ್ ರೂತ್ ಎಂಬ ಹೆಸರು ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರ ಕಿವಿಗಾದರೂ ಬಿದ್ದಿರಬಹುದು. ಕ್ರಿಕೆಟ್ ಎಂದೊಡನೆ ಬ್ರಾಡ್‌ಮನ್ನನ ಹೆಸರು ನಾಲಗೆಗೆ ಬರುವಂತೆ, ಬೇಸ್‌ಬಾಲ್ ಎಂದೊಡನೆ ಅಮೆರಿಕದ ಜನರಿಗೆ ರೂತನ ಹೆಸರು ಬರುತ್ತದೆ. ಆತನ ದಾಖಲೆಗಳನ್ನು ಎಣಿಸಿ ಹೇಳುವ ಪುಸ್ತಕಗಳು ಬೇಕಾದಷ್ಟಿವೆ. ನಾನು ಇಲ್ಲಿ ಹೇಳಹೊರಟಿರುವುದು ಮುಖ್ಯವಾಗಿ ಇನ್ನೊಂದು ಸಂಗತಿಯನ್ನು: ಆತನಿಗೆ ಆಟವನ್ನು ಕಲಿಸಿದವರು ಯಾರು, ಹೇಗೆ ಕಲಿಸಿದರು ಎಂಬುದನ್ನು. ಬಿ.ಎ. ಮುಗಿಸಿ ಉಪಾಧ್ಯಾಯನಾಗಬೇಕೆಂದು ಆಸೆಪಟ್ಟಿರುವ ನನಗೆ ಅವನ ಜೀವನಚರಿತ್ರೆಯಲ್ಲಿ ಈ ಭಾಗವೇ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು.

ಜಾರ್ಜ್ ಹರ್ಮನ್ ರೂತ್ ಹುಟ್ಟಿದುದು 1895ರ ಫೆಬ್ರವರಿ 6ರಂದು, ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ. ತಂದೆ ಹೆಂಡದಂಗಡಿಯನ್ನು ನಡೆಸುತ್ತಿದ್ದನು. ತಾಯಿ ರೋಗಿಷ್ಠೆ. ಹುಟ್ಟಿದ ಮಕ್ಕಳಲ್ಲಿ ಬದುಕಿ ಬೆಳೆದವರು ಇವನೂ ಇವನ ತಂಗಿಯೊಬ್ಬಳೂ ಮಾತ್ರ. ಅಂಗಡಿಯ ಗದ್ದಲದಲ್ಲಿ ಹುಡುಗನನ್ನು ನೋಡಿಕೊಳ್ಳುವವರೇ ಇರಲಿಲ್ಲ. ಬಂದರಿನ ಸಮೀಪದ ಬೀದಿಗಳೇ ಅವನ ಪಾಠಶಾಲೆಯಾದುವು. ಹೊಗೆಸೊಪ್ಪು ಜಗಿಯುವುದು, ಸಿಕ್ಕಿದ್ದನ್ನು ಕದಿಯುವುದು, ಬಂಡಿ ಹೊಡೆಯುವವರ ಮೇಲೆ ಕೈಗೆ ಸಿಕ್ಕಿದ್ದನ್ನು ಎಸೆಯುವುದು ಮೊದಲಾದ ವಿದ್ಯೆಗಳೆಲ್ಲ ಏಳು ವರ್ಷ ತುಂಬುವುದರೊಳಗಾಗಿ ಅವನಿಗೆ ಕರಗತವಾಗಿದ್ದುವು. ಈ ಮಗ ತಮ್ಮ ಅಂಕೆಗೆ ಸಿಕ್ಕುವವನಲ್ಲವೆಂದು ತೀರ್ಮಾನಿಸಿದ ತಂದೆತಾಯಿಗಳು 1902ರ ಜೂನ್ ತಿಂಗಳಲ್ಲಿ ಅವನನ್ನು ಸೇಂಟ್ ಮೇರೀಸ್ ಕೈಗಾರಿಕಾ ಶಾಲೆಗೆ ಒಪ್ಪಿಸಿಬಿಟ್ಟರು.

ಅದು ಝೇವಿಯರ್ ಪಂಥದ ಕ್ರೈಸ್ತ ಬ್ರದರುಗಳು ನಡೆಸುತ್ತಿದ್ದ ಶಾಲೆ. ಅನಾಥರು, ದಿಕ್ಕಿಲ್ಲದವರು, ಪುಂಡರೆಂದು ಹೆಸರಾದವರು ಎಲ್ಲ ಸೇರಿ ಸುಮಾರು 800 ಹುಡುಗರು ಅಲ್ಲಿದ್ದರು. ಎತ್ತರವಾದ ಗೋಡೆ, ಗಂಟೆ ಹೊಡೆದಂತೆ ಏಳುವುದು, ಪ್ರಾರ್ಥನೆ, ಪಾಠ, ಕೈಕಸಬು, ಸಂಜೆ ಆಟ: ಇದು ಅಲ್ಲಿಯ ದಿನಚರಿ. ರೂತನು ಅಲ್ಲಿ ಅಂಗಿ ಹೊಲಿಯುವ ಕೆಲಸವನ್ನು ಕಲಿತನು. ನಡುನಡುವೆ ಕೆಲಕಾಲ ಮನೆಗೆ ಹೋಗಿಬಂದುದನ್ನು ಬಿಟ್ಟರೆ ಅವನ ಬಾಲ್ಯವೆಲ್ಲ ಆ ಗೋಡೆಯೊಳಗೇ ಕಳೆಯಿತು. ಅವನನ್ನು ನೋಡಲೆಂದು ಬರುವವರು ಬಹಳ ವಿರಳ.

ಇಂತಹ ಸ್ಥಳದಲ್ಲಿ ಅವನ ಪಾಲಿಗೆ ಗುರುವಾಗಿ ಒದಗಿದವರು ಬ್ರದರ್ ಮಥಾಯಸ್. ಕೆನಡಾ ದೇಶದ ಕೇಪ್ ಬ್ರೆಟನ್ ದ್ವೀಪದಿಂದ ಬಂದವರು. ಸುಮಾರು ಆರೂವರೆ ಅಡಿ ಎತ್ತರದ ಭಾರಿ ಆಳು. ಶಾಲೆಯಲ್ಲಿ ಶಿಸ್ತಿನ ಮೇಲ್ವಿಚಾರಣೆ ಅವರದು. ಆದರೆ ದನಿಯೆತ್ತಿ ಗದರುವ ಸ್ವಭಾವ ಅವರದಲ್ಲ; ಅವರು ಬಂದು ಮೌನವಾಗಿ ನಿಂತರೆ ಸಾಕು, ಗಲಭೆ ತಾನಾಗಿ ಅಡಗುತ್ತಿತ್ತು. ಸಂಜೆಯ ಹೊತ್ತು ಅವರು ಒಂದೇ ಕೈಯಲ್ಲಿ ಬ್ಯಾಟನ್ನು ಹಿಡಿದು, ಇನ್ನೊಂದು ಕೈಯಿಂದ ಚೆಂಡನ್ನು ಚಿಮ್ಮಿಸಿ, ಆಕಾಶಕ್ಕೆ ಹಾರಿಸಿ ಹೊಡೆಯುತ್ತಿದ್ದರು. ಹುಡುಗರೆಲ್ಲ ಬಾಯಿ ತೆರೆದು ನೋಡುತ್ತಿದ್ದರು. ರೂತನು ನೋಡುವುದರಲ್ಲೇ ತೃಪ್ತನಾಗಲಿಲ್ಲ; ಅವರಂತೆ ಬ್ಯಾಟು ಬೀಸಲು, ಅಷ್ಟೇಕೆ, ಅವರಂತೆ ಸಣ್ಣ ಸಣ್ಣ ಹೆಜ್ಜೆಯಿಟ್ಟು ಓಡಲು ಸಹ ತೊಡಗಿದನು.

ಮಥಾಯಸರು ಅದನ್ನು ಗಮನಿಸಿದರು. ಅಲ್ಲಿಂದ ಮುಂದೆ ನಡೆದುದು ಈ ಕಥೆಯ ಜೀವಾಳ. ಅವರು ಹುಡುಗನನ್ನು ಬೇರೆಯಾಗಿ ಕರೆದುಕೊಂಡು ಗಂಟೆಗಟ್ಟಲೆ ಅಭ್ಯಾಸ ಮಾಡಿಸಿದರು. ತಾವೇ ಚೆಂಡನ್ನು ಹೊಡೆದು ಅವನಿಂದ ಹಿಡಿಸುವರು, ತಪ್ಪಿದರೆ ಕಾಲು ಎಲ್ಲಿತ್ತು, ಕೈ ಎಲ್ಲಿತ್ತು ಎಂದು ತಿದ್ದುವರು, ಮತ್ತೆ ಹೊಡೆಯುವರು. ರೂತನು ಎಡಚನು, ಆದರೆ ಎಡಚರಿಗೆ ತಕ್ಕ ಕೈಗವಸು ಆ ಬಡಶಾಲೆಯಲ್ಲಿ ಎಲ್ಲಿಂದ ಬರಬೇಕು? ಬಲಗೈಯವರ ಗವಸನ್ನೇ ಎಡಗೈಗೆ ತೊಟ್ಟು ಚೆಂಡನ್ನು ಹಿಡಿದು, ಥಟ್ಟನೆ ಗವಸನ್ನು ಕಳಚಿ ಕಂಕುಳಲ್ಲಿ ಇರುಕಿಕೊಂಡು, ಅದೇ ಎಡಗೈಯಿಂದ ಚೆಂಡನ್ನು ಎಸೆಯುವುದನ್ನು ಅವನು ರೂಢಿಸಿಕೊಂಡನು. ಉಪಕರಣದ ಕೊರತೆ ಅಭ್ಯಾಸಕ್ಕೆ ಅಡ್ಡಿಯಾಗಲಿಲ್ಲ.

ಬೇಸ್‌ಬಾಲಿನಲ್ಲಿ ಚೆಂಡನ್ನೆಸೆಯುವವನಿಗೆ ಪಿಚರ್ ಎಂದು ಹೆಸರು. ಆಟದ ಸೋಲು ಗೆಲುವು ಬಹುಮಟ್ಟಿಗೆ ಅವನ ಕೈಯಲ್ಲಿರುತ್ತದೆ. ಒಂದು ದಿನ ಶಾಲೆಯ ಪಿಚರ್ ಸಿಕ್ಕಾಪಟ್ಟೆ ಹೊಡೆಸಿಕೊಳ್ಳುತ್ತಿದ್ದಾಗ ರೂತನು ಗಹಗಹಿಸಿ ನಕ್ಕನಂತೆ. ಮಥಾಯಸರು ಅವನನ್ನು ದಂಡಿಸಲಿಲ್ಲ. ಅಷ್ಟು ಬಲ್ಲೆಯಾದರೆ ನೀನೇ ಎಸೆದು ತೋರಿಸೆಂದು ಚೆಂಡನ್ನು ಅವನ ಕೈಗೇ ಕೊಟ್ಟರು. ಹಾಸ್ಯಕ್ಕೆ ನಿಂತವನು ಅಲ್ಲಿಯೇ ನೆಲೆಗೊಂಡನು. ಶಿಕ್ಷೆಯನ್ನೇ ಶಿಕ್ಷಣವನ್ನಾಗಿ ಮಾಡುವುದೆಂದರೆ ಇದೇ ಅಲ್ಲವೆ?

1914ರ ಫೆಬ್ರವರಿಯಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ತಂಡದ ಜ್ಯಾಕ್ ಡನ್ ಎಂಬಾತನು ಈ ಹುಡುಗನನ್ನು ವರ್ಷಕ್ಕೆ 600 ಡಾಲರ್ ಸಂಬಳಕ್ಕೆ ಗೊತ್ತುಮಾಡಿಕೊಂಡನು. ಡನ್ನನ ಹಸುಗೂಸು ಎಂಬ ಅರ್ಥದಲ್ಲಿ ತಂಡದವರು ಇಟ್ಟ ಬೇಬ್ ಎಂಬ ಅಡ್ಡಹೆಸರೇ ಅವನಿಗೆ ಶಾಶ್ವತವಾಯಿತು. ಅದೇ ವರ್ಷ ಜುಲೈಯಲ್ಲಿ ಬಾಸ್ಟನ್ ರೆಡ್ ಸಾಕ್ಸ್ ತಂಡವು ಅವನನ್ನು ಕೊಂಡಿತು. ಅಲ್ಲಿ ಅವನು ಮೊದಲು ಪ್ರಸಿದ್ಧನಾದುದು ಪಿಚರ್ ಆಗಿ. 1916ರಲ್ಲಿ 23 ಪಂದ್ಯಗಳನ್ನು ಗೆದ್ದುಕೊಟ್ಟನು. ಆದರೆ ಬ್ಯಾಟು ಹಿಡಿದಾಗಲಂತೂ ಚೆಂಡು ಮೈದಾನದ ಬೇಲಿಯನ್ನು ದಾಟಿ ಬೀಳುತ್ತಿತ್ತು. ಇಂತಹ ಹೊಡೆತಕ್ಕೆ ಹೋಮ್ ರನ್ ಎಂದು ಹೆಸರು. ಕ್ರಿಕೆಟ್ಟಿನ ಸಿಕ್ಸರನ್ನು ನೆನೆದುಕೊಂಡರೆ ವಾಚಕರಿಗೆ ತಿಳಿದೀತು. ಆ ಕಾಲದ ಆಟಗಾರರು ಬ್ಯಾಟಿನ ಹಿಡಿಯನ್ನು ಮೇಲಕ್ಕೆ ಹಿಡಿದು ಚೆಂಡನ್ನು ಮೆಲ್ಲಗೆ ತಟ್ಟುವುದನ್ನೇ ಜಾಣತನವೆಂದು ಬಗೆದಿದ್ದರು. ರೂತನಾದರೋ ಹಿಡಿಯ ತುದಿಯನ್ನು ಹಿಡಿದು ಕೆಳಗಿನಿಂದ ಮೇಲಕ್ಕೆ ಪೂರ್ಣಶಕ್ತಿಯಿಂದ ಬೀಸುತ್ತಿದ್ದನು. ಜೋ ಜ್ಯಾಕ್ಸನ್ ಎಂಬ ಆಟಗಾರನನ್ನು ನೋಡಿಯೂ ಅವನು ಕಲಿತದ್ದುಂಟು. ಆದರೆ ಮೊದಲ ಮೇಲ್ಪಂಕ್ತಿ ಮಥಾಯಸರ ಸಂಜೆಯ ಹೊಡೆತಗಳೇ.

1919ರ ಕೊನೆಯಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡವು ಅವನನ್ನು ಒಂದು ಲಕ್ಷ ಡಾಲರಿಗೆ ಕೊಂಡುಕೊಂಡಿತು. 1920ರಲ್ಲಿ ಅವನು 54 ಹೋಮ್ ರನ್ನುಗಳನ್ನು ಹೊಡೆದನು; ಅಮೆರಿಕನ್ ಲೀಗಿನ ಬೇರೆ ಯಾವ ತಂಡವೂ ಆ ವರ್ಷ ಒಂಬತ್ತೂ ಆಟಗಾರರನ್ನಲ್ಲ, ತನ್ನ ಇಡೀ ಬಳಗವನ್ನು ಸೇರಿಸಿದರೂ ಅಷ್ಟನ್ನು ಹೊಡೆದಿರಲಿಲ್ಲ. 1927ರಲ್ಲಿ 60, 1935ರಲ್ಲಿ ಆಟದಿಂದ ನಿವೃತ್ತನಾದಾಗ ಒಟ್ಟು 714. ಈ ಮೊತ್ತವನ್ನು 1974ರಲ್ಲಿ ಹ್ಯಾಂಕ್ ಆರನ್ ಮೀರುವವರೆಗೆ ಯಾರೂ ಮುಟ್ಟಲಾಗಲಿಲ್ಲ.

ಕೀರ್ತಿಯೊಡನೆ ದೌರ್ಬಲ್ಯಗಳೂ ಬಂದುವು. ಊಟ, ಕುಡಿತ, ದುಂದುವೆಚ್ಚ, ರಾತ್ರಿಯ ತಿರುಗಾಟ ಇವುಗಳಿಗೆ ಮಿತಿಯಿರಲಿಲ್ಲ. 1925ರಲ್ಲಿ ಕಾಯಿಲೆ ಬಿದ್ದು ಶಸ್ತ್ರಚಿಕಿತ್ಸೆಯಾಯಿತು. ಅದೇ ವರ್ಷ ಅಶಿಸ್ತಿಗಾಗಿ 5000 ಡಾಲರ್ ದಂಡವನ್ನೂ ತೆತ್ತನು. ಕೈಗೆ ಕಲಿಸಿದ ಗುರು ನಾಲಗೆಗೂ ಮನಸ್ಸಿಗೂ ಕಡಿವಾಣ ಹಾಕಬಲ್ಲನೆಂಬ ಭರವಸೆಯಿಲ್ಲ. ಇದನ್ನು ಮರೆಮಾಚಿ ಅವನನ್ನು ಸಂತನನ್ನಾಗಿ ಮಾಡುವುದು ಸರಿಯಲ್ಲ.

ಆದರೆ ಕೃತಘ್ನತೆಯೊಂದನ್ನು ಅವನು ಅರಿಯನು. 1919ರಲ್ಲಿ ಶಾಲೆಯ ಕಟ್ಟಡಗಳು ಬೆಂಕಿಗೆ ಆಹುತಿಯಾದಾಗ, ಮರುವರ್ಷ ಶಾಲೆಯ ಬ್ಯಾಂಡ್ ಮೇಳವನ್ನು ತನ್ನ ತಂಡದೊಡನೆ ಊರೂರಿಗೆ ಕರೆದೊಯ್ದು ಹಣ ಕೂಡಿಸಲು ನೆರವಾದನು. ಗುರುಗಳಿಗೆ ಒಂದು ಕ್ಯಾಡಿಲ್ಯಾಕ್ ಕಾರನ್ನು ಕೊಂಡುಕೊಟ್ಟನು. ಅದು ರೈಲಿಗೆ ಸಿಕ್ಕಿ ನುಚ್ಚುನೂರಾಗಲು ಇನ್ನೊಂದನ್ನು ಕೊಂಡುಕೊಟ್ಟನು. ತಾನು ಕಂಡ ಮನುಷ್ಯರಲ್ಲೆಲ್ಲ ಮಥಾಯಸರೇ ಹಿರಿಯರೆಂದು ಜೀವಮಾನವೆಲ್ಲ ಹೇಳಿಕೊಂಡನು. ಮಥಾಯಸರು 1944ರಲ್ಲಿ ತೀರಿಕೊಂಡರು. ರೂತನು 1948ರ ಆಗಸ್ಟ್ 16ರಂದು ಕ್ಯಾನ್ಸರ್ ರೋಗದಿಂದ ಮರಣಹೊಂದಿದನು. ಯಾಂಕಿ ಕ್ರೀಡಾಂಗಣದಲ್ಲಿ ಅವನ ಪಾರ್ಥಿವ ಶರೀರವನ್ನು ಕಾಣಲು ಸಾವಿರಾರು ಜನ ಸಾಲುಗಟ್ಟಿ ನಿಂತರು.

ಇಂದು ಅಮೆರಿಕದಲ್ಲಿ ಎಳೆಯ ಆಟಗಾರರಿಗೆ ಒಬ್ಬೊಬ್ಬರನ್ನಾಗಿ ನಿಲ್ಲಿಸಿಕೊಂಡು, ಗಂಟೆಯ ಲೆಕ್ಕದಲ್ಲಿ ಹಣ ಪಡೆದು ಕಲಿಸುವ ಖಾಸಗಿ ಶಿಕ್ಷಕರು ಎಷ್ಟೋ ಮಂದಿ ಇದ್ದಾರೆ. ಚೆಂಡೆಸೆಯುವ ಯಂತ್ರಗಳಿವೆ, ಬ್ಯಾಟು ಬೀಸಿದ ಬಗೆಯನ್ನು ಸೆರೆಹಿಡಿದು ತೋರಿಸುವ ಕ್ಯಾಮೆರಾಗಳಿವೆ. ನಮ್ಮ ಪಟ್ಟಣಗಳ ಕ್ರಿಕೆಟ್ ತರಬೇತಿಯೂ ಅದೇ ದಾರಿಯನ್ನು ಹಿಡಿದಿದೆ. ಇದು ಕೆಟ್ಟದ್ದೆಂದು ನಾನು ಹೇಳಲಾರೆ, ಕಲಿಸುವವನಿಗೂ ಹೊಟ್ಟೆಯುಂಟು. ಆದರೆ ಹಣ ತೆರಲಾರದವನ ಗತಿ ಏನು? ರೂತನಿಗೆ ದೊರೆತುದು ಇದೇ ಖಾಸಗಿ ಪಾಠವೇ. ಶುಲ್ಕ ಮಾತ್ರ ಇರಲಿಲ್ಲ. ತಂದೆಯೇ ಬೇಡವೆಂದು ಬಿಟ್ಟುಹೋದವನಿಗೆ, 800 ಮಂದಿಯ ನಡುವೆ, ಒಬ್ಬನು ತನ್ನ ಸಂಜೆಯನ್ನು ಕೊಟ್ಟನು.

ಆ ಸಂಜೆಗಳಿಲ್ಲದಿದ್ದರೆ ಆ ಹುಡುಗನು ಬಾಲ್ಟಿಮೋರಿನ ಯಾವುದೋ ಅಂಗಡಿಯಲ್ಲಿ ಅಂಗಿ ಹೊಲಿಯುತ್ತ ಉಳಿಯುತ್ತಿದ್ದನೋ ಏನೋ. ನಮ್ಮಂತಹ ಸರ್ಕಾರಿ ಕಾಲೇಜುಗಳಿಂದ ಪ್ರತಿವರ್ಷವೂ ಎಷ್ಟೋ ಮಂದಿ ಹಳ್ಳಿಗಳ ಶಾಲೆಗಳಿಗೆ ಉಪಾಧ್ಯಾಯರಾಗಿ ಹೋಗುತ್ತೇವೆ. ನಮ್ಮ ಮುಂದೆ ಕುಳಿತ ತುಂಟರೆಲ್ಲ ಬೇಬ್ ರೂತರಾಗುವುದಿಲ್ಲ, ನಿಜ. ಆದರೆ ಅವರಲ್ಲಿ ಯಾರು ನಮ್ಮ ಹೆಜ್ಜೆಯನ್ನು ಅನುಕರಿಸುತ್ತಿದ್ದಾರೆಂದು ತಿರುಗಿ ನೋಡುವಷ್ಟು ವ್ಯವಧಾನವಾದರೂ ನಮ್ಮಲ್ಲಿರಬೇಕು.