ರೆಪ್ಪೆ ತೆರೆಸಿದ ವೈದ್ಯೆ

ನಾನು ಅರಿವಳಿಕೆ ಕೊಡುವ ವೈದ್ಯ. ಶಸ್ತ್ರಚಿಕಿತ್ಸೆಗೆ ಬಂದವರಲ್ಲಿ ನಾನು ಮೊದಲು ಗಮನಿಸುವುದು ಕಣ್ಣಿನ ರೆಪ್ಪೆಗಳನ್ನು. ಸಂಜೆಯಾದಂತೆ ರೆಪ್ಪೆ ಜೋಲುವುದೇ, ಊಟ ಮುಗಿಯುವ ಮುನ್ನ ದವಡೆ ಸೋಲುವುದೇ ಎಂದು ಕೇಳುತ್ತೇನೆ. ಈ ಪ್ರಶ್ನೆಯನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ನನ್ನ ತಪ್ಪಿನಿಂದ.

ವೃತ್ತಿಯ ಆರಂಭದಲ್ಲಿ ಒಬ್ಬ ವೃದ್ಧೆಯ ಜೋಲುವ ರೆಪ್ಪೆಗಳನ್ನು ನಿದ್ದೆಗೇಡೆಂದು ಬಗೆದು, ವಾಡಿಕೆಯ ಪ್ರಮಾಣದಲ್ಲಿ ಶಾಮಕ ಔಷಧ ಕೊಟ್ಟೆ. ಆಕೆಯ ಉಸಿರು ಕ್ಷೀಣಿಸಿತು. ರಾತ್ರಿಯೆಲ್ಲ ಕೃತಕ ಶ್ವಾಸ ನೀಡಿದೆವು. ಬೆಳಗಾಗುವ ಹೊತ್ತಿಗೆ ಆಕೆ ಚೇತರಿಸಿಕೊಂಡರು. ಆಕೆಗಿದ್ದುದು ಮಯಾಸ್ತೇನಿಯಾ ಗ್ರೇವಿಸ್ ಎಂಬ ಸ್ನಾಯುದೌರ್ಬಲ್ಯ. ಆ ರೋಗಕ್ಕೆ ಮದ್ದು ತೋರಿಸಿಕೊಟ್ಟ ಮೇರಿ ಬ್ರಾಡ್‌ಫೂಟ್ ವಾಕರ್ ಅವರ ಜೀವನವನ್ನು ನಾನು ಅರಸಿ ಓದಿದ್ದು ಆಮೇಲೆ.

ವಾಕರ್ ಹುಟ್ಟಿದ್ದು 1888ರಲ್ಲಿ, ಸ್ಕಾಟ್ಲೆಂಡಿನ ವಿಗ್‌ಟೌನ್ ಎಂಬ ಸಣ್ಣ ಊರಿನಲ್ಲಿ. 1913ರಲ್ಲಿ ವೈದ್ಯ ಪದವಿ ಪಡೆದು, ಮೊದಲ ಮಹಾಯುದ್ಧದಲ್ಲಿ ಮಾಲ್ಟಾ ದ್ವೀಪದಲ್ಲಿ ಸೇವೆ ಸಲ್ಲಿಸಿದರು. 1920ರಿಂದ ಲಂಡನ್ನಿನ ಗ್ರೀನಿಚ್‌ನಲ್ಲಿದ್ದ ಸೇಂಟ್ ಆಲ್ಫೆಜ್ ಆಸ್ಪತ್ರೆಯಲ್ಲಿ ಸಹಾಯಕ ವೈದ್ಯೆಯಾದರು. ಅದು ಬಡವರ ಆಸ್ಪತ್ರೆ. ದೊಡ್ಡ ಬೋಧನಾಸ್ಪತ್ರೆಗಳ ಪ್ರತಿಷ್ಠೆಯಾಗಲಿ, ಪ್ರಯೋಗಾಲಯವಾಗಲಿ ಆಕೆಯ ಬೆನ್ನಿಗಿರಲಿಲ್ಲ.

1934ರಲ್ಲಿ ಈ ರೋಗದ ಸ್ತ್ರೀಯೊಬ್ಬಳು ಅಲ್ಲಿ ಚಿಕಿತ್ಸೆ ಪಡೆಯುತ್ತಿದ್ದಳು. ಸಂದರ್ಶಕ ನರರೋಗ ತಜ್ಞ ಡೆರೆಕ್ ಡೆನ್ನಿ-ಬ್ರೌನ್ ಅವರು ಈ ದೌರ್ಬಲ್ಯವು ಕ್ಯೂರಾರೆ ವಿಷದ ಪರಿಣಾಮವನ್ನು ಹೋಲುತ್ತದೆಂದು ತಿಳಿಸಿದರು. ದಕ್ಷಿಣ ಅಮೆರಿಕದ ಬೇಟೆಗಾರರು ಬಾಣಕ್ಕೆ ಸವರುತ್ತಿದ್ದ ವಿಷವದು. ಅದಕ್ಕೆ ಫೈಸೊಸ್ಟಿಗ್ಮೀನ್ ಪ್ರತಿವಿಷವೆಂದು ಆಗಲೇ ಗೊತ್ತಿತ್ತು. ಹಾಗಾದರೆ ಅದನ್ನೇ ಈಕೆಗೂ ಏಕೆ ಕೊಡಬಾರದೆಂದು ವಾಕರ್ ಯೋಚಿಸಿದರು, ಚುಚ್ಚುಮದ್ದು ಕೊಟ್ಟರು. ಒಂದು ಗಂಟೆಯೊಳಗೆ ಜೋಲುತ್ತಿದ್ದ ರೆಪ್ಪೆ ಮೇಲೆದ್ದಿತು. ಕೆಲವು ಗಂಟೆಗಳಲ್ಲಿ ಆ ಗುಣ ಇಳಿದುಹೋದರೂ ದಾರಿ ತೆರೆದಿತ್ತು. ಜೂನ್ 2ರಂದು ಲಾನ್ಸೆಟ್ ಪತ್ರಿಕೆಯಲ್ಲಿ ಆಕೆಯ ಕಿರುಪತ್ರ ಪ್ರಕಟವಾಯಿತು. ಮರುವರ್ಷ ಹೆಚ್ಚು ಸೌಮ್ಯವಾದ ನಿಯೊಸ್ಟಿಗ್ಮೀನನ್ನೂ ಬಳಸಿ ತೋರಿಸಿದರು. ಎಡಿನ್‌ಬರೋ ವಿಶ್ವವಿದ್ಯಾಲಯವು ಆಕೆಯ ಪ್ರಬಂಧಕ್ಕೆ ಚಿನ್ನದ ಪದಕವಿತ್ತಿತು.

ನರವು ಸ್ನಾಯುವಿಗೆ ಅಸಿಟೈಲ್‌ಕೋಲೀನ್ ಎಂಬ ದ್ರವ್ಯದ ಮೂಲಕ ಆಜ್ಞೆ ಕಳುಹಿಸುತ್ತದೆ. ಈ ರೋಗದಲ್ಲಿ ದೇಹದ ಪ್ರತಿಕಾಯಗಳೇ ಆಜ್ಞೆಯನ್ನು ಸ್ವೀಕರಿಸುವ ತಾಣಗಳನ್ನು ಹಾಳುಮಾಡುತ್ತವೆ. ಆ ದ್ರವ್ಯ ಬೇಗನೆ ನಾಶವಾಗದಂತೆ ತಡೆಯುವುದೇ ವಾಕರ್ ಕೊಟ್ಟ ಮದ್ದಿನ ಕೆಲಸ.

1942ರಲ್ಲಿ ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಅವರು ಅರಿವಳಿಕೆಯೊಡನೆ ಕ್ಯೂರಾರೆಯನ್ನು ಬಳಸಿದರು. ಸ್ನಾಯುಗಳನ್ನು ಸಡಿಲಿಸುವ ಅಂಥ ಔಷಧಗಳಿಲ್ಲದೆ ಇಂದು ದೊಡ್ಡ ಶಸ್ತ್ರಚಿಕಿತ್ಸೆಗಳು ಅಪರೂಪ. ಆದರೆ ಈ ರೋಗಿಗಳಲ್ಲಿ ಕ್ಯೂರಾರೆ ಜಾತಿಯ ಔಷಧ ಅಲ್ಪಮಾತ್ರದಲ್ಲಿಯೇ ದೀರ್ಘ ನಿಶ್ಚೇಷ್ಟತೆ ತರಬಲ್ಲದು. ಶಾಮಕಗಳೂ ಅಫೀಮು ವರ್ಗದ ನೋವುನಿವಾರಕಗಳೂ ಮೊದಲೇ ದುರ್ಬಲವಾದ ಉಸಿರನ್ನು ಇನ್ನಷ್ಟು ಕುಗ್ಗಿಸಬಲ್ಲವು. ಆದ್ದರಿಂದ ಪ್ರಮಾಣವನ್ನು ತಗ್ಗಿಸಿ, ನರ–ಸ್ನಾಯುಗಳ ಸ್ಪಂದನವನ್ನು ಯಂತ್ರದಿಂದ ಅಳೆಯುತ್ತ, ಉಸಿರು ತಾನೇ ದೃಢವಾಗುವವರೆಗೆ ಕಾಯಬೇಕು.

ವಾಕರ್ ಅವರಿಗೆ 1962ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್‌ನ ಜೀನ್ ಹಂಟರ್ ಬಹುಮಾನ ಸಂದಿತು. 1974ರಲ್ಲಿ ಅವರು ತೀರಿಕೊಂಡರು. ನನ್ನ ಪ್ರಶ್ನೆ ಕೇಳಿ ಅನೇಕರು ನಗುತ್ತಾರೆ. ನಗಲಿ. ಒಮ್ಮೊಮ್ಮೆ ಯಾರಾದರೂ ಹೌದೆನ್ನುತ್ತಾರೆ. ಆಗ ನಾನು ತುಂಬಿಟ್ಟ ಸಿರಿಂಜನ್ನು ಕೆಳಗಿಡುತ್ತೇನೆ.