ಟೈಟೇನಿಯಂ ಲೋಹವನ್ನು ಹದಕ್ಕೆ ತಂದ ಡಾ. ವಿಲಿಯಂ ಕ್ರೋಲ್

ಕಬ್ಬಿಣವನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿ ಹದಗೊಳಿಸುವ ವಿದ್ಯೆಯನ್ನು ನಮ್ಮ ಕಮ್ಮಾರರು ಪರಂಪರೆಯಿಂದ ಬಲ್ಲರು. ಟೈಟೇನಿಯಂ ಮಾತ್ರ ಇಂತಹ ಹದಕ್ಕೆ ಬಹುಕಾಲ ಒಗ್ಗಲಿಲ್ಲ. 1791ರಲ್ಲಿಯೇ ಪತ್ತೆಯಾದ ಈ ಧಾತು ಕಾದೊಡನೆ ಗಾಳಿಯ ಆಮ್ಲಜನಕ, ಸಾರಜನಕಗಳನ್ನು ಹೀರಿ ಪೆಡಸಾಗುತ್ತಿತ್ತು. ಅದನ್ನು ಲೋಕೋಪಯೋಗಿ ಲೋಹವನ್ನಾಗಿಸಿದ ಕೀರ್ತಿ ಡಾ. ವಿಲಿಯಂ ಜಸ್ಟಿನ್ ಕ್ರೋಲ್ ಅವರಿಗೆ ಸಲ್ಲುತ್ತದೆ.

ಕ್ರೋಲರು 1889ರಲ್ಲಿ ಯೂರೋಪಿನ ಪುಟ್ಟ ದೇಶವಾದ ಲಕ್ಸೆಂಬರ್ಗಿನಲ್ಲಿ ಜನಿಸಿದರು. ಬರ್ಲಿನ್ನಿನಲ್ಲಿ ಲೋಹಶಾಸ್ತ್ರವನ್ನು ವ್ಯಾಸಂಗ ಮಾಡಿದ ಅವರು ಮುಂದೆ ತಾಯ್ನಾಡಿನ ತಮ್ಮ ಮನೆಯಲ್ಲಿಯೇ ಪ್ರಯೋಗಶಾಲೆಯನ್ನು ತೆರೆದರು. ಟೈಟೇನಿಯಂ ಬೆರೆತ ತುಕ್ಕುಹಿಡಿಯದ ಉಕ್ಕನ್ನು ಸೂಕ್ತ ಶಾಖದಲ್ಲಿರಿಸಿದರೆ ಅದರೊಳಗೆ ಸೂಕ್ಷ್ಮ ಕಣಗಳು ಮೂಡಿ ಉಕ್ಕು ಗಟ್ಟಿಯಾಗುವುದನ್ನು 1929ರಲ್ಲಿ ಅವರು ಕಂಡುಕೊಂಡರು.

1930ರ ದಶಕದಲ್ಲಿ ಅವರು ಶುದ್ಧ ಟೈಟೇನಿಯಮ್ಮಿನ ಬೆನ್ನುಹತ್ತಿದರು. ಗಾಳಿಯ ಸೋಂಕಿಲ್ಲದ ಪಾತ್ರೆಯಲ್ಲಿ ಆರ್ಗಾನ್ ಅನಿಲವನ್ನು ತುಂಬಿ, ಟೈಟೇನಿಯಂ ಕ್ಲೋರೈಡನ್ನು ಕರಗಿದ ಮೆಗ್ನೀಸಿಯಮ್ಮಿನೊಡನೆ ವರ್ತಿಸುವಂತೆ ಮಾಡಿದರು. ಸ್ಪಂಜಿನಂತಹ, ಬಡಿದರೆ ಬಾಗುವ ಲೋಹ ದೊರೆಯಿತು. 1938ರಲ್ಲಿ ಮಾದರಿಗಳನ್ನು ಹೊತ್ತು ಅಮೆರಿಕಕ್ಕೆ ಹೋದಾಗ ಉದ್ಯಮಿಗಳಾರೂ ಆಸಕ್ತಿ ತೋರಲಿಲ್ಲ. 1940ರಲ್ಲಿ, ಜರ್ಮನರ ದಾಳಿಗೆ ಕೆಲವೇ ತಿಂಗಳು ಮುನ್ನ, ಅವರು ತಾಯ್ನಾಡನ್ನು ತೊರೆದು ಅಮೆರಿಕವನ್ನು ಸೇರಿದರು. ಅದೇ ವರ್ಷ ಅವರಿಗೆ ದೊರೆತ ಪೇಟೆಂಟನ್ನು ಯುದ್ಧಕಾಲದಲ್ಲಿ ಅಮೆರಿಕ ಸರ್ಕಾರವೇ ಶತ್ರುಸ್ವತ್ತೆಂದು ವಶಪಡಿಸಿಕೊಂಡಿತು. ಅದರ ಹಕ್ಕಿಗಾಗಿ ಅವರು ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಆದರೂ ಅವರು ಕೈಕಟ್ಟಿ ಕೂರಲಿಲ್ಲ. 1945ರಿಂದ ಆರೆಗಾನ್ ರಾಜ್ಯದ ಆಲ್ಬನಿಯಲ್ಲಿದ್ದ ಸರ್ಕಾರಿ ಪ್ರಯೋಗಾಲಯದಲ್ಲಿ ಜಿರ್ಕೋನಿಯಂ ಲೋಹದ ತಯಾರಿಕೆಗೆ ದುಡಿದರು.

1948ರಲ್ಲಿ ಅವರ ವಿಧಾನದಿಂದ ಟೈಟೇನಿಯಮ್ಮಿನ ವಾಣಿಜ್ಯ ಉತ್ಪಾದನೆ ಆರಂಭವಾಯಿತು. ಶುದ್ಧ ಲೋಹವು ಧಾರಾಳವಾಗಿ ದೊರೆತ ಮೇಲೆಯೇ ಅದರ ಒಳರಚನೆಯನ್ನು ಶಾಖದಿಂದ ತಿದ್ದುವ ವಿದ್ಯೆ ಬೆಳೆಯಿತು. ಸಾಧಾರಣ ಉಷ್ಣತೆಯಲ್ಲಿ ಟೈಟೇನಿಯಮ್ಮಿನ ಪರಮಾಣುಗಳು ಷಡ್ಭುಜಾಕಾರದಲ್ಲಿ ಒತ್ತಾಗಿ ಜೋಡಣೆಗೊಂಡಿರುತ್ತವೆ. ಇದು ಆಲ್ಫಾ ಸ್ಥಿತಿ. 882 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಜೋಡಣೆಯು ಘನಾಕಾರಕ್ಕೆ ತಿರುಗುತ್ತದೆ. ಇದು ಬೀಟಾ ಸ್ಥಿತಿ. ಶೇಕಡಾ 6 ಅಲ್ಯೂಮಿನಿಯಂ, ಶೇಕಡಾ 4 ವನೇಡಿಯಂ ಬೆರೆತ ಪ್ರಸಿದ್ಧ ಮಿಶ್ರಲೋಹದಲ್ಲಿ ತಣಿದ ಮೇಲೂ ಎರಡು ಸ್ಥಿತಿಗಳೂ ಜೊತೆಯಾಗಿರುತ್ತವೆ. ಅದನ್ನು ಸುಮಾರು 950 ಡಿಗ್ರಿಗೆ ಕಾಯಿಸಿ ನೀರಿನಲ್ಲಿ ತಣಿಸಿ, ಮತ್ತೆ 500 ಡಿಗ್ರಿಯ ಆಸುಪಾಸಿನಲ್ಲಿ ಕೆಲವು ಗಂಟೆಗಳ ಕಾಲ ಇರಿಸಿದರೆ ಒಳಗೆ ನವಿರಾದ ಆಲ್ಫಾ ಕಣಗಳು ಮೂಡಿ ಬಲ ಹೆಚ್ಚುತ್ತದೆ. ಅದನ್ನೇ 1000 ಡಿಗ್ರಿ ಮೀರಿ ಕಾಯಿಸಿ ನಿಧಾನವಾಗಿ ತಣಿಸಿದರೆ ದಪ್ಪ ಪದರಗಳ ರಚನೆಯುಂಟಾಗುತ್ತದೆ. ಎಳೆತಕ್ಕೆ ಒಗ್ಗುವ ಗುಣ ಕುಗ್ಗಿದರೂ ಬಿರುಕು ಹಬ್ಬದಂತೆ ತಡೆಯುವ ಗುಣ ಹೆಚ್ಚುತ್ತದೆ. ದ್ರವ್ಯವೊಂದೇ, ಕಾಯಿಸಿ ತಣಿಸಿದ ಕ್ರಮದಂತೆ ಗುಣ ಬೇರೆ.

ಕ್ರೋಲರು 1973ರಲ್ಲಿ ನಿಧನರಾದರು. ಕೇರಳದ ಚವರದಲ್ಲಿ 2011ರಲ್ಲಿ ಆರಂಭವಾದ ಟೈಟೇನಿಯಂ ಸ್ಪಂಜಿನ ಕಾರ್ಖಾನೆಯೂ ಅವರ ವಿಧಾನವನ್ನೇ ಅನುಸರಿಸಿತು. ತಿರಸ್ಕಾರ, ವಲಸೆ, ಸ್ವತ್ತಿನ ಹರಣಗಳೆಂಬ ಬೆಂಕಿಯಲ್ಲಿ ಬೆಂದೂ ಪೆಡಸಾಗದೆ ಗಟ್ಟಿಗೊಂಡ ಈ ಜೀವನವು ನಮ್ಮ ವಿದ್ಯಾರ್ಥಿಗಳಿಗೆ ಅನುಕರಣೀಯವಾಗಿದೆ.